ಕಾಶ್ಮೀರಕ್ಕೆ ಹೊರಟ ಕುರಿಗಳು

ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನನಗೆ ನಮ್ಮೂರು ಉಟ್ಕೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಪ್ರತ್ಯೇಕ ತೆಲಂಗಾಣಕ್ಕಾಗಿ ಬಂದ್ ನಡೆದು ಶಾಲೆಗೆ ರಜೆ ಸಿಕ್ಕಿತ್ತು. ಮಳೆಯಲ್ಲಿ ನೆನೆದ ಕಂಬಳಿ ಹೊದ್ದು ಕೂತಿದ್ದ, ಕುರಿ ಕಾಯುವ ನಮ್ಮಜ್ಜನಿಗೆ ಕಣ್ಣು ಪೂರ್ತಿ ಮಂಜಾಗುವ ಮೊದಲು ಹಿಮದ ಬೆಟ್ಟ ನೋಡುವ ಆಸೆ. ನನ್ನಂಥ ಜಾಣ ಊರಿಗೊಬ್ಬನೇ. ಅಂಗಳದ ಮಣ್ಣಲ್ಲಿ ಗೆರೆ ಎಳೆದು ಮಾವನ ಲಾರಿಯನ್ನು ವಾರದೊಳಗೆ ಕಾಶ್ಮೀರ ಮುಟ್ಟಿಸಿದೆ.

"ಮೊದಲ ದಿನ ಹೈದರಾಬಾದ್, ಮರುದಿನ ನಾಗಪುರ!"

"ಅಷ್ಟು ದೂರ ಕುರಿ ನಡ್ಯಂಗಿಲ್ಲಲೇ. ನೀರೆಲ್ಲಿ ಕುಡಿಸ್ತಿ?" ಎಂದ ಅಜ್ಜ.

"ಲಾರ್ಯಾಗ ಹೊಂಟೀವಿ ಮುತ್ಯಾ, ಕುರಿ ಯಾಕ?" ಎಂದು ಬಿದ್ದು ಬಿದ್ದು ನಕ್ಕೆ.

ಅಜ್ಜ ಗೆರೆಯನ್ನು ಬೆರಳಿನಿಂದ ತಡವಿದ. "ಅವನ್ನ ಬಿಟ್ಟು ನಾ ಎಲ್ಲಿಗೂ ಹೋಗಿಲ್ಲಪಾ."

ನಾನು ಹೈದರಾಬಾದನ್ನು ಅಳಿಸಿ ಗಿಡ್ಡ ಗೆರೆ ಎಳೆದೆ. "ಇವತ್ತು ಇಲ್ಲೇ ಹತ್ರ ನಾರಾಯಣಪೇಟಿ ಕೆರ್ಯಾಗ ಕುರಿಗೆ ನೀರು ಕುಡಿಸಿ ಅಲ್ಲೇ ಮಲಗೂಣು, ಮುತ್ಯಾ."