ಚಾಂದನಿ ಯಾಕೆ ಸತ್ತಳು?

ಅಜ್ಜನಿಗೆ ಮರೆವು ಬಂದಿದೆ, ಕಥೆಗೆ ಒಗ್ಗರಣೆ ಹಾಕುತ್ತಾನೆ ಎಂದು ಈ ಗ್ರೂಪಿನಲ್ಲೇ ಯಾರೋ ನಕ್ಕಿದ್ದಾರೆ...

ನಿನ್ನೆ ಉಂಡ ಪಲ್ಯ ಯಾವುದು ಎಂದರೆ ಹೇಳಲಾರೆ, ನಿಜ. ಆದರೆ ಚಾಂದನಿ ಬಿದ್ದದ್ದು ಮಂಗಳವಾರ, ಮಧ್ಯಾಹ್ನ ಮೂರೂವರೆಗೆ. ಅನುಮಾನ ಇದ್ದವರು ವಾಯ್ಸ್ ನೋಟ್ ಇಲ್ಲಿಗೇ ನಿಲ್ಲಿಸಿ. ಉಳಿದವರು ಕೇಳಿ...

ವಿಜಯಪುರದ ಟಾಂಗಾವಾಲಾ ಮಾಳಪ್ಪ. ಚಾಂದನಿ ಅವನ ಬಿಳಿ ಕುದುರೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವಳ ಮೈಗೆ ಚಾಟಿ ತಾಗಿಸಿದವನಲ್ಲ.

"ನನಗಿಂತ ಆಕಿ ಕೂಡೇ ಹೆಚ್ಚ ಮಾತಾಡ್ತೀರಿ" ಎಂದು ಹೆಂಡತಿ ಮುನಿದರೆ, "ಆಕಿ ತಿರುಗಿ ಮಾತಾಡೂದಿಲ್ಲ ನೋಡು" ಎನ್ನುತ್ತಿದ್ದ.

ಆ ದಿನ ಬೆಳಿಗ್ಗೆ ಮೀರಾಸಾಬ ಚಾಂದನಿಗೆ ಹೊಸ ಲಾಳ ಹೊಡೆದಿದ್ದ. ಮೂವತ್ತು ವರ್ಷದಿಂದ ಟಾಂಗಾ ಸ್ಟ್ಯಾಂಡಿನ ಎಲ್ಲ ಕುದುರೆಗಳ ಕಾಲೂ ಅವನ ಕೈಯಲ್ಲೇ. ಮಾಳಪ್ಪ ಅವನನ್ನು ಕರೆಯುತ್ತಿದ್ದದ್ದು ಕಾಕಾ ಎಂದು.

ಮೂರು ಸವಾರಿ ಆಯಿತು. ಸ್ಟ್ಯಾಂಡಿಗೆ ಬಂದು ನಿಂತಳು... ಒಮ್ಮೆ ತಲೆ ಕೊಡವಿದಳು... ಅಲ್ಲೇ ಬಿದ್ದಳು. ಟಾಂಗಾದಿಂದ ಬಿಡಿಸುವಷ್ಟರಲ್ಲಿ ಜೀವ ಹೋಗಿತ್ತು.

ದನದ ಡಾಕ್ಟರ್ ಬಂದು ನೋಡಿದರು. "ಎದಿ ನಿಂತಿರಬೇಕು. ಯಾಕ ಅಂತ ಕೊಯ್ದು ನೋಡಿದ್ರ ಗೊತ್ತಾದೀತು."

"ಚಾಟಿ ಹಚ್ಚಲಾರದ ಮೈರೀ ಅದು... ಕತ್ತಿ ಹಚ್ಚಸ್ಲೇನ್ರೀ?" ಮಾಳಪ್ಪ ಒಪ್ಪಲಿಲ್ಲ.

ಹೂಳಿ ಬಂದವನೇ ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು ಕೂಗಿದ: "ಮೀರಾಸಾಬನ ಮೊಳಿ ನನ್ನ ಚಾಂದನೀನ ಕೊಂದೈತಿ!"

ಮೀರಾಸಾಬ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ... ಮತ್ತೆ ಬರಲಿಲ್ಲ.

ಎರಡು ತಿಂಗಳು ಕಳೆಯಿತು. ಉಳಿದ ಕುದುರೆಗಳು ಸವೆದ ಲಾಳದಲ್ಲೇ ಓಡುತ್ತಿದ್ದವು. ಒಂದು ದಿನ ಮಾಳಪ್ಪನ ಕಣ್ಣೆದುರೇ ಒಂದು ಕುದುರೆ ಡಾಂಬರಿನ ಮೇಲೆ ಜಾರಿ ಬಿತ್ತು. ಮೊಣಕಾಲು ಒಡೆದು ರಕ್ತ...

ಮಾಳಪ್ಪ ಅಲ್ಲಿ ನಿಲ್ಲಲಿಲ್ಲ. ಸೀದಾ ಮೀರಾಸಾಬನ ಮನೆಗೆ ನಡೆದ.

ಕಟ್ಟೆಯ ಮೇಲೆ ಕೂತಿದ್ದ ಮುದುಕ, ಇವನು ಮತ್ತೆ ಬೈಯಲು ಬಂದನೆಂದುಕೊಂಡು ಎದ್ದು ನಿಂತ.

"ನನ್ನ ಕೈ ತಪ್ಪಿರಬೇಕ ಮಾಳಪ್ಪಾ... ಮೊಳಿ ಎಲ್ಲಿಗೆ ಇಳೀತೋ ತಿಳೀಲಿಲ್ಲ. ಮಾಫ್ ಮಾಡಪ್ಪಾ..."

ಮಾಳಪ್ಪ ಅಲ್ಲೇ ಕುಸಿದು ಕೂತ.

"ಇಲ್ಲೋ ಕಾಕಾ! ಮೊಳಿ ಮಾಂಸಕ್ಕ ಹತ್ತಿದ್ರ ಕುದುರಿ ಮೊದಲ ಹೆಜ್ಜಿಗೇ ಕುಂಟತೈತಿ. ನನಗ ಗೊತ್ತಿಲ್ಲೇನ? ಆಕಿ ಮೂರು ಸವಾರಿ ನೆಟ್ಟಗ ಓಡ್ಯಾಳ... ಮೈ ಬೆವರ ಆರೂದರೊಳಗ ನಾನೇ ನೀರು ಕುಡಿಸಿದ್ದೆ. ಕೊಂದಾಂವ ನಾನು. ನಿನ್ನ ಹೆಸರ ಹೇಳಿ ತಪ್ಪಿಸಿಕೊಂಡೆ..."

ಈಗ ಮೀರಾಸಾಬನಿಗೆ ಸಿಟ್ಟು ಬಂತು.

"ಹುಚ್ಚಪ್ಯಾಲಿ! ನೀರಿನಿಂದ ಹೊಟ್ಟಿ ಕೆಟ್ರ ಕುದುರಿ ತಾಸುಗಟ್ಟಲೆ ಹೊರಳಾಡತೈತಿ. ಹಿಂಗ ನಿಂತಲ್ಲೇ ಬೀಳೂದಿಲ್ಲ. ಎಷ್ಟ ಕುದುರಿ ನೋಡೀನಿ ನಾನು!"

"ಹಂಗಾದ್ರ ಯಾಕ ಸತ್ಳು ಕಾಕಾ?"

"ನನಗೂ ಗೊತ್ತಿಲ್ಲೋ..."

ಆಗ ಮಾಳಪ್ಪ ಅತ್ತ. ಎರಡು ತಿಂಗಳಲ್ಲಿ ಮೊದಲ ಸಲ... ತಪ್ಪು ಮಾಡಿದವನ ಹಾಗಲ್ಲ, ಚಾಂದನಿಯನ್ನು ಕಳೆದುಕೊಂಡವನ ಹಾಗೆ. ಮೀರಾಸಾಬ ಬೆನ್ನು ಸವರುತ್ತ ತಾನೂ ಅತ್ತ.

ಮರುದಿನ ಸ್ಟ್ಯಾಂಡಿನಲ್ಲಿ ಅದೇ ಹತ್ತು ಜನರ ಎದುರು ಮಾಳಪ್ಪ ಹೇಳಿದ: "ಅವತ್ತ ನಾ ಅಂದದ್ದು ಸುಳ್ಳ."

ಆಮೇಲೆ ಜಾರಿ ಬಿದ್ದಿದ್ದ ಆ ಕುದುರೆಯ ಹಿಂಗಾಲನ್ನು ತಾನೇ ಎತ್ತಿ ತನ್ನ ತೊಡೆಯ ಮೇಲೆ ಹಿಡಿದ. ಮೀರಾಸಾಬ ಸುತ್ತಿಗೆ ಎತ್ತಿದ. ಹೊಡೆಯದೆ ಮತ್ತೆ ಇಳಿಸಿದ.

"ಹೊಡಿ ಕಾಕಾ. ತಪ್ಪಿದ್ರ ಕೆಳಗ ನನ್ನ ತೊಡೀನೇ ಐತಿ."

ಮುದುಕ ನಕ್ಕ... ಮೊದಲ ಮೊಳೆ ನೆಟ್ಟಗೆ ಇಳಿಯಿತು.

*ಕಾರಣ ಸಿಗದ ಸಾವಿಗೆ ಕೊಲೆಗಾರನನ್ನು ಹುಡುಕುತ್ತ ಹೋದರೆ, ಬದುಕಿರುವವರನ್ನೂ ಕಳೆದುಕೊಳ್ಳುತ್ತೇವೆ.*

ನಿಮ್ಮ ಸಂಕಟಕ್ಕೆ ನೀವು ಯಾರ ಮೇಲೆ ತಪ್ಪು ಹೊರಿಸಿ ಮಾತು ಬಿಟ್ಟಿದ್ದೀರಿ?

ಅಂಥವರು ಯಾರಾದರೂ ಇದ್ದರೆ ಈ ಕಥೆಯನ್ನು ಮೊದಲು ಅವರಿಗೇ ಕಳಿಸಿ... ಬೇರೆ ಗ್ರೂಪಿಗೆಲ್ಲ ಆಮೇಲೆ.