ಎಂಟು ಟೋಕನ್, ಒಂಬತ್ತು ತಲೆ

ಬಾಗಿಲ ಪಕ್ಕದ ಪರದೆ ಒಳಗೆ ಎಂಟು ಮಂದಿ ಎನ್ನುತ್ತಿತ್ತು. ವಾರ್ಡನ್ ತನ್ನನ್ನೂ ಸೇರಿಸಿ ಎರಡು ಸಲ ಎಣಿಸಿದಳು. ಒಂಬತ್ತು.

ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರು ತಲೆಮರೆಸಿಕೊಂಡಿದ್ದ ಮನೆ ಅದು. ಹೊರಗೆ ಬೋರ್ಡಿಲ್ಲ, ಗೇಟಿಗೆ ನಂಬರಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಎಲೆಕ್ಟ್ರಾನಿಕ್ ಟೋಕನ್. ಹೋಗುವಾಗಲೂ ಬರುವಾಗಲೂ ಅದನ್ನು ತಾಗಿಸಿದರಷ್ಟೇ ಬಾಗಿಲು ತೆರೆಯುತ್ತದೆ, ಪರದೆಯ ಲೆಕ್ಕ ಬದಲಾಗುತ್ತದೆ.

ಮೂರು ದಿನದ ಹಿಂದೆ ಬಂದ ಹೊಸಬಳು ಮೂಲೆಯಲ್ಲಿ ಮುದುಡಿ ಕೂತಿದ್ದಳು. ಗಂಡ ಅವಳ ತಾಯಿಗೆ ಫೋನ್ ಮಾಡಿ, "ಯಾವ ಬಿಲದಲ್ಲಿ ಅಡಗಿದ್ರೂ ಹುಡುಕ್ತೀನಿ. ಈ ಸಲ ಜೀವಸಹಿತ ಬಿಡಲ್ಲ" ಎಂದಿದ್ದ.

ಕಂಡವೆಲ್ಲ ಪರಿಚಯದ ಮುಖಗಳೇ. ಅಂದರೆ ಇವರಲ್ಲೇ ಯಾರೋ ಟೋಕನ್ ತಾಗಿಸದೆ ಒಳಗೆ ಬಂದಿದ್ದಾರೆ. ಒಬ್ಬರಿಗೆ ಸಾಧ್ಯವಾದದ್ದು ಅವನಿಗೂ ಸಾಧ್ಯ. ವಾರ್ಡನ್ ಬೀಗದ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

"ಆ ಟೋಕನ್ ನಕಲು ಮಾಡೋಕೆ ಯಾರಪ್ಪನ ಕೈಲೂ ಆಗಲ್ಲ ಮೇಡಂ," ಎಂದ ಅವನು. "ಒಬ್ಬರು ಬಾಗಿಲು ತೆಗೆದಾಗ ಹಿಂದೇನೇ ಇನ್ನೊಬ್ಬರು ನುಗ್ಗಿರ್ತಾರೆ. ಎಲ್ಲ ಕಡೆ ಇದೇ ಕಥೆ."

"ನಮ್ಮಲ್ಲಿ ಆ ಮಾತೇ ಇಲ್ಲ. ಇನ್ನೊಬ್ಬರಿಗೆ ಬಾಗಿಲು ಹಿಡಿದ್ರೆ ಗ್ರಹಚಾರ ಬಿಡಿಸ್ತೀನಿ ಅಂತ ದಿನಾ ಹೇಳ್ತೀನಿ."

ಅಡುಗೆಯವಳು ಒದ್ದೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೆಮ್ಮಿದಳು. "ಅಕ್ಕ, ಬೈಯಲ್ಲ ಅಂದ್ರೆ ಹೇಳ್ತೀನಿ. ಬೆಳಗ್ಗೆ ಮಾರ್ಕೆಟ್ಟಿಂದ ಬಂದಾಗ ನಾನು ಬಾಗಿಲು ಹಿಡಿದೆ. ನಿಮಗೇ. ನಿಮ್ಮ ಕೈ ತುಂಬ ಬಟ್ಟೆ ಇತ್ತಲ್ಲ."

ವಾರ್ಡನ್‌ಗೆ ನೆನಪಾಯಿತು. ಹೌದಲ್ಲ.

"ನನ್ನ ಬುದ್ಧಿಗಿಷ್ಟು," ಎಂದು ಹಣೆ ಚಚ್ಚಿಕೊಂಡಳು. "ಲಾಂಡ್ರಿ ಹತ್ರ ಯಾರೋ ಪುಣ್ಯಾತ್ಮ ಗಂಟು ಎತ್ತಿ ತೋಳಿಗೆ ಕೊಟ್ಟ. ಹೊತ್ಕೊಂಡು ಹಾಗೇ ಬಂದ್ಬಿಟ್ಟೆ."

ಮನೆಯೆಲ್ಲ ನಕ್ಕಿತು. ಹೊಸಬಳೂ ನಕ್ಕಳು, ಬಂದ ಮೇಲೆ ಮೊದಲ ಸಲ. ಅದನ್ನು ಕಂಡು ವಾರ್ಡನ್‌ಗೆ ಹೋದ ಜೀವ ಬಂದಂತಾಯಿತು. ಟೋಕನ್ ತಾಗಿಸಿ ಲೆಕ್ಕ ಸರಿಮಾಡಿಬಿಡೋಣವೆಂದು ಜೇಬಿಗೆ ಕೈ ಹಾಕುತ್ತ ಬಾಗಿಲ ಕಡೆ ನಡೆದಳು. ಒಂದು ಜೇಬು ನೋಡಿದಳು. ಇನ್ನೊಂದನ್ನೂ ನೋಡಿದಳು.

ಹೊರಗಡೆಯಿಂದ ಬೀಗ ಪೀಪ್ ಎಂದಿತು. ಪರದೆಯ ಮೇಲೆ ಅಕ್ಷರ ಮೂಡಿದವು: 'ಸ್ವಾಗತ, ವಾರ್ಡನ್. ಒಳಗಿರುವವರು ಒಂಬತ್ತು.'