ಇಳಿಸುವ ತಗಡು

"ನನ್ನ ಅಮ್ಮನ ತಟ್ಟೆ ಮುಟ್ಟಿದ್ರೆ ಕೈ ಮುರಿದು ಹಾಕ್ತೀನಿ!"

ರಾದ್ಕಾ ಸೌಟು ಹಿಡಿದೇ ಓಡಿ ಬಂದಳು. ಅವಳ ಗಂಡ ಗೆಂಚೊ ತಗಡು ಕತ್ತರಿ ಹಿಡಿದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಬನಿತ್ಸಾ ತಟ್ಟೆಯ ಮುಂದೆ ನಿಂತಿದ್ದ. ಹಿಟ್ಟು, ಗಿಣ್ಣು ಹಾಕಿ ಬನಿತ್ಸಾ ಬೇಯಿಸೋಕೆ ರಾದ್ಕಾಳ ತಾಯಿ ಮಗಳ ಮದುವೆಯಲ್ಲಿ ಕೊಟ್ಟ ತಗಡಿನ ತಟ್ಟೆ ಅದು.

"ಅಂಚಲ್ಲಿ ಉಗುರಿನಷ್ಟು ಸಾಕು ಕಣೆ. ಬೇಯೋ ಬನಿತ್ಸಾಗೆ ಗೊತ್ತೂ ಆಗಲ್ಲ."

ಗೆಂಚೊನ ಗ್ಯಾರೇಜಿನಲ್ಲಿ ಕಾರಿಲ್ಲ, ಕಬ್ಬಿಣ ಕಡೆಯುವ ಒಂದು ಪುಟ್ಟ ಲೇತ್ ಇದೆ. ಚಕ್ ಎಂಬ ದುಂಡನೆಯ ಹಿಡಿತದಲ್ಲಿ ಗರಗರ ತಿರುಗುವ ಕಬ್ಬಿಣದ ನಟ್ಟನಡುವಿಗೆ, ಅದನ್ನು ಕೆತ್ತುವ ಟೂಲಿನ ಮೊನೆ ಸರಿಯಾಗಿ ನಿಲ್ಲಬೇಕು. ಟೂಲನ್ನು ಬಿಗಿದು ಹಿಡಿಯುವ ಅವನ ಟೂಲ್ ಪೋಸ್ಟ್ ಹಳೆಯದು, ಅದರಲ್ಲಿ ಟೂಲಿನ ಅಡಿಗೆ ತಗಡಿನ ಚೂರು ಇಟ್ಟು ಏರಿಸಬೇಕು. ಟೂಲ್ ಬದಲಿಸಿದಾಗಲೆಲ್ಲ ಬೇರೆ ಚೂರು. ಹಳೆಯದು ಬೆಂಚಿನಡಿ ಬಿದ್ದರೆ ಹೋಯಿತು, ಕಬ್ಬಿಣದ ಸಿಪ್ಪೆಯ ಗುಡ್ಡದಲ್ಲಿ ಯಾರು ಹುಡುಕುತ್ತಾರೆ? ಮೀನಿನ ಡಬ್ಬಿ ಮುಗಿಯಿತು, ಕಾಫಿ ಡಬ್ಬಿ ಮುಗಿಯಿತು, ಕಸದ ತಗಡಿನ ಮೊರದಲ್ಲಿ ಹಿಡಿಕೆಯಷ್ಟೇ ಉಳಿಯಿತು. ಗಾಬ್ರೊವೊ ಊರೇ ಜಿಪುಣರದು, ಅಲ್ಲಿ ಅಂಗಡಿಗೆ ಹೋಗಿ ತಗಡು ಕೊಂಡವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ನೆರೆಮನೆಯ ಬೆಕ್ಕುಗಳು ಕೂಡ, ಎಲ್ಲಿ ಕತ್ತರಿಗೆ ಸಿಕ್ಕೀತೋ ಎಂದು, ಕೊರಳ ಗಂಟೆಯನ್ನು ಬಾಯಲ್ಲಿ ಕಚ್ಚಿ ಹಿಡಿದು, ಸದ್ದಿಲ್ಲದೆ ಗೆಂಚೊನ ಬಾಗಿಲು ದಾಟುತ್ತಿದ್ದವು.

ಹೊಸ ನಮೂನೆಯ ಟೂಲ್ ಪೋಸ್ಟ್ ಒಂದು ಬಂದಿದೆ, ಹಿಡಿ ತಿರುಗಿಸಿದರೆ ಒಂದು ಟೂಲ್ ಹೊರಗೆ, ಇನ್ನೊಂದು ಒಳಗೆ, ಎತ್ತರ ಏರಿಸಿ ಇಳಿಸಲು ಒಂದು ನಟ್ಟು, ತಗಡೇ ಬೇಡ ಎಂದು ಗೆಂಚೊ ವರ್ಷದಿಂದ ಹಲುಬುತ್ತಿದ್ದ. ತಟ್ಟೆ ಉಳಿಯಬೇಕಾದರೆ ಅದನ್ನು ತರುವುದೊಂದೇ ದಾರಿ. ಶನಿವಾರ ಬೆಳಿಗ್ಗೆ ರಾದ್ಕಾ ಗಂಡನಿಗೆ ಹೇಳದೆ ಹಳೇ ಕಬ್ಬಿಣದ ಸಂತೆಗೆ ಹೊರಟಳು. ತಟ್ಟೆಯನ್ನೂ ಕಂಕುಳಲ್ಲಿ ಇರುಕಿಕೊಂಡಳು. ಮನೆಯಲ್ಲಿ ಗಂಡ ಒಬ್ಬನೇ, ನಂಬೋದು ಹೇಗೆ?

ವ್ಯಾಪಾರಿ ವಾಲ್ಕೊನ ಮುಂದೆ ಆ ನಮೂನೆಯವು ಎರಡಿದ್ದವು. ಒಂದು ಮುಷ್ಟಿಯಷ್ಟು, ಇನ್ನೊಂದು ಬ್ರೆಡ್ಡಿನಷ್ಟು.

"ಈ ಸಣ್ಣದು ಪುಟ್ಟ ಲೇತಿಗೆ ಆಗುತ್ತೇನಪ್ಪಾ?"

ವಾಲ್ಕೊನ ಬಾಯಿತುಂಬ ಬಿಸಿಬಿಸಿ ಕರಿದ ಮೆಕಿತ್ಸಾ. ಮಾತಾಡಲಾರದೆ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಅಂದರೆ ಆಗಲ್ಲ. ಮುತ್ತಾತನ ಕಾಲದಿಂದ ಆ ಸೀಮೆಯಲ್ಲಿ ತಲೆ ಮೇಲೆ ಕೆಳಗೆ ಆಡಿದರೆ ಇಲ್ಲ, ಅಡ್ಡಡ್ಡ ಆಡಿದರೆ ಹೌದು.

"ಹಂಗಾದ್ರೆ ಈ ದೊಡ್ಡದು?"

ವಾಲ್ಕೊ ತಲೆಯನ್ನು ಅಡ್ಡಡ್ಡ ಒದರಿದ ರಭಸಕ್ಕೆ ಮೀಸೆಯ ಮೇಲಿದ್ದ ಸಕ್ಕರೆ ಪುಡಿ ಪಕ್ಕದ ಅಂಗಡಿಗೆ ಹಾರಿತು. ಇಷ್ಟು ಜೋರಾದ ಹೌದನ್ನು ರಾದ್ಕಾ ತನ್ನ ಮದುವೆಯಲ್ಲೂ ಕಂಡಿರಲಿಲ್ಲ. ಅವನು ನುಂಗಿ ಬಾಯಿ ಬಿಡುವಷ್ಟರಲ್ಲಿ ದುಡ್ಡಿಟ್ಟು, ದೊಡ್ಡದನ್ನು ಹೊತ್ತು ಬಸ್ ಹತ್ತಿಬಿಟ್ಟಳು.

ಮನೆಯಲ್ಲಿ ಗೆಂಚೊ ಅದನ್ನು ಮಗುವಿನಂತೆ ಎತ್ತಿಕೊಂಡ, ಮುತ್ತಿಟ್ಟ, ಲೇತಿನ ಮೇಲೆ ಕೂರಿಸಿದ. ಬಗ್ಗಿ ನೋಡಿ ಮುಖ ಸಣ್ಣದು ಮಾಡಿದ. ನಟ್ಟನ್ನು ಎಷ್ಟು ಇಳಿಸಿದರೂ ಟೂಲಿನ ಮೊನೆ ನಡುವಿಗಿಂತ ಒಂದು ಬೆರಳು ಮೇಲೆಯೇ ನಿಂತಿತ್ತು.

ರಾದ್ಕಾ ಕಣ್ಣು ಮುಚ್ಚಿ ತಟ್ಟೆಯನ್ನು ಮುಂದೆ ಚಾಚಿದಳು. "ಆಯ್ತು, ಕತ್ತರಿಸು. ಇಷ್ಟೇ ಇಷ್ಟು."

"ತಗಡು ಏರಿಸುತ್ತೆ ಮಾರಾಯ್ತಿ. ಇಳಿಸೋ ತಗಡನ್ನ ಇನ್ನೂ ಯಾರೂ ಕಂಡುಹಿಡಿದಿಲ್ಲ."

ಇಬ್ಬರೂ ಏದುಸಿರು ಬಿಡುತ್ತ ಸಂತೆಗೆ ಬಂದಾಗ ವಾಲ್ಕೊ ಗಂಟು ಕಟ್ಟುತ್ತಿದ್ದ.

"ನಾನು ಬೇಡ ಬೇಡ ಅಂತ ತಲೆ ಆಡಿಸಿದ್ನಲ್ಲ ಚಿಕ್ಕಮ್ಮ!"

"ಅಡ್ಡಡ್ಡ ಆಡಿಸ್ದೆ!"

"ಹೂಂ, ಅದೇ. ಬೇಡ ಅಂತ."

"ಯಾವ ದೇಶದ ತಲೆಯೋ ಅದು?" ಎಂದ ಗೆಂಚೊ.

"ಜರ್ಮನಿದು ಚಿಕ್ಕಪ್ಪ. ಇಪ್ಪತ್ತು ವರ್ಷ ಅಲ್ಲಿ ಫ್ಯಾಕ್ಟರೀಲಿದ್ದೆ. ಮೇಸ್ತ್ರಿ 'ಕೆಲಸ ಮುಗೀತಾ' ಅಂದಾಗೆಲ್ಲ ನಮ್ಮ ಥರ ಹೌದು ಅಂದು ಬೈಸ್ಕೊಂಡೆ. ಕೊನೆಗೆ ತಲೇನ ಅವರ ಕಡೆಗೆ ತಿರುಗಿಸಿ ಫಿಟ್ ಮಾಡ್ಕೊಂಡೆ. ಊರಿಗೆ ಬಂದ್ಮೇಲೆ ವಾಪಸ್ ತಿರುಗಿಸೋದು ಮರೆತೆ. ಮನೇಲೂ ಇದೇ ಗೋಳು. ಹೆಂಡ್ತಿ 'ಇನ್ನೂ ಬಡಿಸ್ಲಾ' ಅಂತಾಳೆ, ನಾನು ತಲೆ ಆಡಿಸಿ ಬೇಡ ಅಂತೀನಿ, ಬಡಿಸ್ತಾಳೆ." ವಾಲ್ಕೊ ತನ್ನ ಹೊಟ್ಟೆಯನ್ನು ತಟ್ಟಿ ತೋರಿಸಿದ. "ನೋಡಿ, ಇದೆಲ್ಲ ನಾನು ಬೇಡ ಅಂದಿದ್ದು!"

ದೊಡ್ಡದನ್ನು ಕೊಟ್ಟು ಸಣ್ಣದನ್ನು ತಂದರು. ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಗೆಂಚೊ ಹಿಡಿ ತಿರುಗಿಸಿದ, ಟೂಲ್ ಕಳಚಿತು. ಇನ್ನೊಂದು ತುರುಕಿದ, ಕಟಕ್! ಸುಮ್ಮಸುಮ್ಮನೆ ಹದಿನೇಳು ಸಲ ಬದಲಿಸಿದ. ಮೊನೆ ನಟ್ಟನಡುವಿನಿಂದ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಲೇತಿನಡಿಯ ಬೆಂಚು ಮಾತ್ರ, ಅದರ ಒಂದು ಕಾಲು ತಗಡಿನ ಚೂರಿನಷ್ಟೇ ಗಿಡ್ಡ.

"ಅಂತೂ ಅಮ್ಮನ ತಟ್ಟೆ ಉಳೀತು," ರಾದ್ಕಾ ನಿಟ್ಟುಸಿರು ಬಿಟ್ಟಳು. "ಇನ್ನು ಅದರ ತಂಟೆಗೆ ಬರಲ್ಲ ತಾನೇ?"

ಗೆಂಚೊ ಬೆಂಚಿನ ಕಾಲನ್ನು ನೋಡಿದ. ಅವಳ ಕಂಕುಳಲ್ಲಿದ್ದ ತಟ್ಟೆಯನ್ನು ನೋಡಿದ. ಅವನ ತಲೆ ಮೇಲೆ ಕೆಳಗೂ ಆಡಲಿಲ್ಲ, ಅಡ್ಡಡ್ಡವೂ ಆಡಲಿಲ್ಲ. ಲೇತಿನ ಚಕ್‌ನ ಹಾಗೆ ನಿಧಾನವಾಗಿ ದುಂಡಗೆ ತಿರುಗಿತು.